ಎಡಗಡೆಯ ದೀಪ

ಮೂರು ತಿಂಗಳಲ್ಲಿ ಇದು ಮೂರನೇ ಸಲ. ಸ್ಕೂಲ್ ವ್ಯಾನಿನ ಎಡಗಡೆಯ ದೀಪವನ್ನು ಒಡೆದುಕೊಂಡು ಭಾವ ಮತ್ತೆ ಗ್ಯಾರೇಜಿಗೆ ಬಂದಾಗ ಮೆಕ್ಯಾನಿಕ್‌ಗೆ ಪಿತ್ತ ನೆತ್ತಿಗೇರಿತು. ಗಾಜು ಪುಡಿಪುಡಿ, ಒಳಗಿನ ರಿಫ್ಲೆಕ್ಟರ್ ಎರಡು ಹೋಳು, ಬಂಪರಿನ ಮೂಲೆ ಒಳಕ್ಕೆ ಹೋಗಿ ಟೈರನ್ನು ಉಜ್ಜುತ್ತಿತ್ತು. ಬೇರೆ ಗಿರಾಕಿಯಾಗಿದ್ದರೆ ಬಾಯಿಗೆ ಬಂದದ್ದು ಅಂದು ಕಳಿಸುತ್ತಿದ್ದ. ಏನು ಮಾಡುವುದು, ಅಕ್ಕನ ಗಂಡ. ಹಲ್ಲು ಕಚ್ಚಿಕೊಂಡು ಸ್ಪ್ಯಾನರ್ ಎತ್ತಿಕೊಂಡ.

"ಈ ಸಲ ಯಾವ ಕಂಬ ಅಡ್ಡ ಬಂತು ಭಾವ?"

"ಕಂಬ ಅಲ್ಲ, ಯಾರದೋ ಮನೆ ಗೇಟು. ಅದಕ್ಕೂ ನೀನೇ ಕಾರಣ." ಭಾವ ಸ್ಟೂಲ್ ಎಳೆದುಕೊಂಡು ಕೂತ. "ಇವತ್ತು ಬೆಳಗ್ಗೆ ಆರು ಗಂಟೆಗೆ ಇನ್ನೂ ಮಬ್ಬುಗತ್ತಲು. ನೀನು ಹಾಕಿಕೊಡೋ ದೀಪದಲ್ಲಿ ಬೆಳಕೇ ಇಲ್ಲ. ಸ್ವಂತ ಭಾವನಿಗೇ ಡೂಪ್ಲಿಕೇಟ್ ಮಾಲು ಹಾಕ್ತೀಯಲ್ಲ, ನಾಚಿಕೆ ಆಗಲ್ವೇನೋ?"

"ಹೋದ ತಿಂಗಳು ಎರಡೂ ಕಡೆ ಹೊಸ ಬಲ್ಬು ಹಾಕಿದೀನಿ. ಡಬ್ಬಿ ಒಡೆದದ್ದೂ ನಿಮ್ಮ ಮುಂದೇನೇ."

"ಡಬ್ಬಿ ಹೊಸದಾದರೆ ಬೆಳಕು ಬರುತ್ತಾ?"

ಮೆಕ್ಯಾನಿಕ್ ಮಾತು ಬೆಳೆಸಲಿಲ್ಲ. ಬೆಳೆಸಿದರೆ ಅದು ಸಂಜೆಯೊಳಗೆ ಅಕ್ಕನ ಕಿವಿಗೆ ಮುಟ್ಟಿ, ಅಲ್ಲಿಂದ ಅಮ್ಮನಿಗೆ ಹೋಗಿ, ಭಾನುವಾರದ ಊಟ ಕೆಡುತ್ತದೆ. ಬಂಪರ್ ಬಿಚ್ಚಿದ. ಒಡೆದ ದೀಪ ಕಿತ್ತು, ಹೊಸದನ್ನು ಕೂರಿಸಿ, ನಾಲ್ಕು ಬೋಲ್ಟ್ ಬಿಗಿದು, ವೈರಿನ ಪ್ಲಗ್ ಸಿಕ್ಕಿಸಿ, ಬಂಪರನ್ನು ಬಡಿದು ಸರಿಮಾಡಿ ಮತ್ತೆ ಹಾಕಿದ. ಅಷ್ಟು ಹೊತ್ತೂ ಭಾವನ ಬಾಯಿಗೆ ಬಿಡುವಿರಲಿಲ್ಲ. ಈಗಿನ ಮೆಕ್ಯಾನಿಕ್‌ಗಳಿಗೆ ಕೆಲಸ ಬರುವುದಿಲ್ಲ, ಈಗಿನ ಗೇಟುಗಳಿಗೆ ಬುದ್ಧಿ ಇಲ್ಲ ಎಂದು ಬಯ್ಯುತ್ತಲೇ ಇದ್ದ.

ಉಳಿದದ್ದು ಬೆಳಕಿನ ಎತ್ತರ ಸರಿಮಾಡುವುದು. ಅದಕ್ಕೆ ಎದುರಿನ ಗೋಡೆಯ ಮೇಲೆ, ಸೊಂಟದ ಮಟ್ಟಕ್ಕೆ, ಮೆಕ್ಯಾನಿಕ್ ಕಪ್ಪು ಗೆರೆ ಒಂದನ್ನು ಎಳೆದಿಟ್ಟಿದ್ದ. ದೀಪದ ಹಿಂದೆ ಕುಕ್ಕರಗಾಲಲ್ಲಿ ಕೂತು ಸ್ಕ್ರೂ ತಿರುಗಿಸುವವನಿಗೆ ಗೋಡೆ ಕಾಣುವುದಿಲ್ಲ. ಗಾಡಿಯವನೇ ಗೋಡೆಯ ಹತ್ತಿರ ನಿಂತು ಮೇಲೆ, ಕೆಳಗೆ ಎಂದು ಹೇಳಬೇಕು. ಮೆಕ್ಯಾನಿಕ್ ಶಟರ್ ಎಳೆದು ಕತ್ತಲು ಮಾಡಿ, ದೀಪ ಹಾಕಿ, ಬಗ್ಗಿದ. ಭಾವ ಗೋಡೆಗೆ ಒಂದು ಮೊಳ ದೂರದಲ್ಲಿ ನಿಂತ.

"ಮೇಲೆ. ಇನ್ನೂ ಒಂದು ಬೆರಳು ಮೇಲೆ... ಹಾಂ, ಸಾಕು! ಗೆರೆ ಮೇಲೆ ಸರಿಯಾಗಿ ಕೂತಿತು ನೋಡು."

ಮೆಕ್ಯಾನಿಕ್ ಬೆನ್ನು ಹಿಡಿದುಕೊಂಡು ಎದ್ದ. ಗೋಡೆ ನೋಡಿದ. ಮೊನ್ನೆ ತಾನೇ ಸುಣ್ಣ ಹೊಡೆಸಿದ್ದ ಗೋಡೆ ಈ ಮೂಲೆಯಿಂದ ಆ ಮೂಲೆಯವರೆಗೆ ಬೆಳ್ಳಗೆ ಹೊಳೆಯುತ್ತಿತ್ತು. ಗೆರೆಯನ್ನು ಮತ್ತೆ ಎಳೆಯಬೇಕೆಂದುಕೊಂಡವನು ಮರೆತೇಬಿಟ್ಟಿದ್ದ.

"ಭಾವ, ಗೆರೆ ಎಲ್ಲಿದೆ?"

"ಇಲ್ಲೇ ಇದೆಯಲ್ಲ. ಕಣ್ಣು ಕಾಣಲ್ವಾ ನಿನಗೆ?"

ಮೆಕ್ಯಾನಿಕ್ ಸ್ಕ್ರೂಡ್ರೈವರನ್ನು ನೆಲಕ್ಕೆ ಅಪ್ಪಳಿಸಿದ. ಹೋಗಿ ಭಾವನ ರಟ್ಟೆ ಹಿಡಿದು ಗೋಡೆಗೆ ಮುಖ ತಾಗುವಷ್ಟು ಹತ್ತಿರಕ್ಕೆ ಎಳೆದ. "ಎಲ್ಲಿ? ಬೆರಳಿಟ್ಟು ತೋರಿಸಿ! ಸುಣ್ಣ ಹೊಡೆಸಿ ಎರಡು ದಿನ ಆಯ್ತು. ಇಲ್ಲಿ ಗೆರೆನೂ ಇಲ್ಲ, ಮಣ್ಣೂ ಇಲ್ಲ!"

ಭಾವನ ಬೆರಳು ಗೋಡೆಯ ಮೇಲೆ ಸ್ವಲ್ಪ ದೂರ ಹರಿದಾಡಿ ನಿಂತಿತು. ಬೆರಳ ತುದಿಗೆ ಸುಣ್ಣ ಹತ್ತಿತ್ತು. ಅವನು ಅದನ್ನು ಪ್ಯಾಂಟಿಗೆ ಒರೆಸಿಕೊಂಡ.

"ಎಷ್ಟು ದಿನದಿಂದ?"

"ಎಡಗಣ್ಣು ಹೋಗಿ ಒಂದು ವರ್ಷ ಆಯ್ತು. ಬಲಗಣ್ಣಲ್ಲಿ ಮಂಜು ಮಂಜು." ಭಾವನ ದನಿ ತಗ್ಗಿತು, ಮರುಗಳಿಗೆಗೇ ಏರಿತು. "ಯಾರಿಗೂ ಗೊತ್ತಿಲ್ಲ. ನಿಮ್ಮಕ್ಕನಿಗೂ ಗೊತ್ತಿಲ್ಲ. ನೀನು ಬಾಯಿ ಬಿಟ್ಟೆಯೋ, ನೋಡು! ವ್ಯಾನ್ ಬಿಟ್ಟು ನಾನೇನು ಮನೇಲಿ ಬಟ್ಟೆ ಮಡಚ್ಕೊಂಡು ಕೂತಿರಲಾ? ಇಪ್ಪತ್ತು ವರ್ಷದಿಂದ ಅದೇ ರೋಡು. ಕಣ್ಣು ಮುಚ್ಕೊಂಡು ಓಡಿಸ್ತೀನಿ!"

"ಅದನ್ನೇ ಮಾಡ್ತಿದೀಯಲ್ಲೋ! ಹದಿನಾಲ್ಕು ಮಕ್ಕಳನ್ನ ಹಿಂದೆ ಕೂರಿಸ್ಕೊಂಡು ಅದನ್ನೇ ಮಾಡ್ತಿದೀಯಲ್ಲೋ!"

ಮದುವೆ ಮಂಟಪದಿಂದ ಇವತ್ತಿನವರೆಗೆ ಭಾವನನ್ನು ಏಕವಚನದಲ್ಲಿ ಕರೆದವನಲ್ಲ. ಈಗ ಕರೆದದ್ದಕ್ಕೆ ಬೇಜಾರೂ ಆಗಲಿಲ್ಲ. ಭಾವನ ಜೇಬಿಗೆ ಕೈ ಹಾಕಿ ಕೀ ಕಿತ್ತುಕೊಂಡ. ಭಾವ ಎರಡೂ ಕೈಯಲ್ಲಿ ಅವನ ಮಣಿಕಟ್ಟು ಹಿಡಿದು ಎಳೆದ, ಬೈದ, ಕೊನೆಗೆ ಬೇಡಿದ. "ಇವತ್ತೊಂದು ದಿನ ಕೊಡೋ. ಮೂರೂವರೆಗೆ ಮಕ್ಕಳು ಗೇಟಲ್ಲಿ ಕಾಯ್ತಿರ್ತಾವೆ."

"ನಾನು ಹೋಗ್ತೀನಿ. ನೀನು ಇಲ್ಲೇ ಬಿದ್ದಿರು. ಬಂದ ಮೇಲೆ ಅಕ್ಕನ ಹತ್ತಿರ ಇಬ್ಬರೂ ಹೋಗೋಣ, ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ."

ಶಾಲೆಯ ದಾರಿಯುದ್ದಕ್ಕೂ ಅವನಿಗೆ ತನ್ನ ಮೇಲೆಯೇ ಸಿಟ್ಟು ಕುದಿಯುತ್ತಿತ್ತು. ಮೂರು ಸಲ ದೀಪ ಬದಲಾಯಿಸಿದ್ದ, ವೈರು ನೋಡಿದ್ದ, ಫ್ಯೂಸು ನೋಡಿದ್ದ, ಬ್ಯಾಟರಿ ನೋಡಿದ್ದ. ಸ್ಟೂಲಿನ ಮೇಲೆ ಕೂತವನ ಮುಖವನ್ನು ಒಂದು ಸಲವಾದರೂ ಸರಿಯಾಗಿ ನೋಡಿದ್ದನೇ? ಸದ್ಯ, ಯಾರಿಗೂ ಏನೂ ಆಗುವ ಮೊದಲೇ ಗೊತ್ತಾಯಿತು ಎಂದು ತನಗೆ ತಾನೇ ಹೇಳಿಕೊಂಡ.

ಗಂಟೆ ಹೊಡೆಯಿತು. ಮಕ್ಕಳು ನುಗ್ಗಿ ಬಂದು ಹಿಂದಿನ ಸೀಟುಗಳನ್ನು ತುಂಬಿದರು. ಎರಡು ಜಡೆಯ ಹುಡುಗಿಯೊಬ್ಬಳು ಮಾತ್ರ ಮುಂದಿನ ಬಾಗಿಲು ತೆರೆದು ಹತ್ತಿದಳು. ಬ್ಯಾಗನ್ನು ಕಾಲ ಬಳಿ ಇಟ್ಟು, ಎರಡೂ ಕೈ ಡ್ಯಾಶ್‌ಬೋರ್ಡ್ ಮೇಲೆ ಊರಿ, ಕುತ್ತಿಗೆ ಚಾಚಿ ರಸ್ತೆಯನ್ನು ದಿಟ್ಟಿಸಿದಳು.

"ಹಿಂದೆ ಹೋಗಿ ಕೂತ್ಕೋ ಪುಟ್ಟಿ."

"ಇಲ್ಲ ಅಂಕಲ್, ಈ ಹೊತ್ತಿನ ಪಾಳಿ ನಂದು," ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು. "ನಾನು 'ಬ್ರೇಕ್' ಅಂದ ತಕ್ಷಣ ನೀವು ಹಾಕಬೇಕು, ಆಯ್ತಾ? ಬೆಳಗ್ಗೆ ಎಲ್ಲರಿಗಿಂತ ಚಿಕ್ಕವನ ಪಾಳಿ ಇತ್ತು. ಪಾಪ, ನಿದ್ದೆ ಮಾಡಿಬಿಟ್ಟ."