ತಳದ ಸಕ್ಕರೆ

ಹಿರಿಯರ ಹಬ್ಬ. ತೀರಿಹೋದ ಗಂಡನ ಫೋಟೋದ ಮುಂದೆ ಎಡೆ ಇಟ್ಟು, ಕೊನೆಗೆ ಕಾಫಿ ಲೋಟಕ್ಕೆ ಮಾಯಮ್ಮ ಮೂರು ಚಮಚ ಸಕ್ಕರೆ ಸುರಿದಳು. ಸಕ್ಕರೆ ಕಾಯಿಲೆಯೆಂದು, ಬದುಕಿದ್ದಾಗ ಅವನಿಗೆ ಒಂದು ಹರಳನ್ನೂ ಕೊಟ್ಟವಳಲ್ಲ. ಅವನೋ, ಅವಳು ಹಿತ್ತಿಲಿಗೆ ಹೋದಾಗೆಲ್ಲ ಕದ್ದು ಹಾಕಿಕೊಂಡು ಬೆರಳಿನಲ್ಲೇ ಕದಡುತ್ತಿದ್ದ. ಉಂಗುರ ಲೋಟಕ್ಕೆ ತಾಗಿದ ಸದ್ದಿಗೆ ಸಿಕ್ಕಿಬೀಳುತ್ತಿದ್ದ.

ಹಿರಿಯರು ಬಂದು ಉಣ್ಣಲೆಂದು, ರೂಢಿಯಂತೆ ಮನೆಮಂದಿಯೆಲ್ಲ ಜಗಲಿಗೆ ಬಂದು ಬಾಗಿಲು ಮುಚ್ಚಿದರು.

"ಅತ್ತೆ, ಕಾಫಿ ಆರೋಗಿತ್ತಲ್ಲ," ಎಂದಳು ಸೊಸೆ. "ಬಿಸಿ ಇದ್ದಿದ್ರೆ ಸಕ್ಕರೆ ಬೇಗ ಕರಗೋದು. ತಣ್ಣಗಿರೋದ್ರಲ್ಲಿ, ಕದಡದೇ ಇದ್ರೆ ಹಂಗೇ ತಳದಲ್ಲಿ ಕೂತಿರ್ತದೆ."

ಮಾಯಮ್ಮ ಕೈ ನೋಡಿಕೊಂಡಳು. ಚಮಚ ಅವಳ ಕೈಯಲ್ಲೇ ಉಳಿದಿತ್ತು.

"ಬಾಗಿಲು ತೆಗೀಲಾ?"

"ಬ್ಯಾಡ ಕಣವ್ವ. ಅವ್ರು ಉಣ್ಣೋ ಹೊತ್ನಲ್ಲಿ ತೆಗೀಬಾರ್ದು." ಅವಳ ಕಣ್ಣು ತುಂಬಿತು. "ಇವತ್ತೂ ಸಪ್ಪೇದೇ ಕುಡಿಸ್ಬಿಟ್ನಲ್ಲಾ!"

ಸೊಸೆ ಅತ್ತೆಯ ಕೈಯಿಂದ ಚಮಚ ತೆಗೆದುಕೊಂಡಳು.

ಮುಚ್ಚಿದ ಬಾಗಿಲಿನಾಚೆ, ಉಂಗುರ ಲೋಟಕ್ಕೆ ತಾಗಿ ಟಿಣ್ಣೆಂದಿತು.