ಬೇಳೆ ಮಿಲ್ಲಿನ ತಂಪು ಕೋಣೆ

“ಕಣ್ಣು ಮುಚ್ರಿ, ಸಾವಕಾಶ ಉಸಿರು ತಗೋರಿ,” ಎಂದು ದೌಲತರಾಯ ಟೇಪಿನ ಗುಂಡಿ ಒತ್ತಿದ. ಆಳಂದದ ಅವನ ಬೇಳೆ ಮಿಲ್ಲಿನ ಹೆಂಗಸರು ಹೊಸ ಕೋಣೆಯಲ್ಲಿ ಸಾಲಾಗಿ ಕೂತಿದ್ದರು. ನೀಲಿ ಬಲ್ಬು, ನೀರು ಚಿಮುಕಿಸಿದ ಲಾವಂಚದ ಪರದೆ, ಊದಿನಕಡ್ಡಿಯ ವಾಸನೆ. ತೊಗರಿ ಧೂಳಿಗೆ ಎದೆ ಕಟ್ಟಿ, ಆ ಧೂಳನ್ನು ಹೊರಹಾಕುವ ಫ್ಯಾನು ಕೇಳಿದ್ದವರಿಗೆ ಮಾಲೀಕ ಕೊಟ್ಟದ್ದು ಈ ಕೋಣೆ.

“ಯವ್ವಾ, ಬೀಗರ ಮನಿಗಿ ಬಂದಂಗ ಆಗ್ಯಾದ ಬೇ,” ಎಂದು ಕಸ್ತೂರಿಬಾಯಿ ಕೆಮ್ಮುತ್ತಲೇ ನಕ್ಕಳು.

ಟೇಪಿನಿಂದ ಹರಿಯುವ ನೀರಿನ ಸಪ್ಪಳ ಬಂತು; ಆಮೇಲೆ ಒಂದು ಮೆತ್ತನೆಯ ದನಿ. “ಉಸಿರು ಬಿಡ್ರಿ ಅಕ್ಕಗೋಳೇ. ಸಿಟ್ಟೂ ಅದರ ಜೋಡಿ ಹೋಗ್ಲಿ.” ಸಾಲಿನಲ್ಲಿ ಕೂತಿದ್ದ ಶಿವಕಾಂತಾ ತಟ್ಟನೆ ಕಣ್ಣು ತೆರೆದಳು. ಫ್ಯಾನು ಕೊಡಿಸಿಯೇ ತೀರುತ್ತೇನೆಂದು ಆಣೆ ಮಾಡಿ, ಇವರೆಲ್ಲರ ಪರವಾಗಿ ಮಾಲೀಕನ ಬಳಿ ಮಾತಿಗೆ ಹೋಗಿದ್ದ ಮುಂದಾಳು ಶಾಂತಲಿಂಗಪ್ಪನ ದನಿ ಅದು. ಅವಳ ಒಡಹುಟ್ಟಿದ ಅಣ್ಣ. ಗೇಟಿನ ಮುಂದೆ ಅವನು ಘೋಷಣೆ ಕೂಗುವುದನ್ನಷ್ಟೇ ಕೇಳಿದ್ದ ಉಳಿದವರಿಗೆ ಗುರುತು ಸಿಗಲಿಲ್ಲ. ಕೂಸನ್ನು ಮಲಗಿಸುವಾಗಿನ ಅವನ ಈ ದನಿ ಮನೆಯವರಿಗೆ ಮಾತ್ರ ಗೊತ್ತು.

ಅವಳು ಸುಮ್ಮನಿದ್ದರೆ ಅಣ್ಣನ ಮಾನ ಉಳಿಯುತ್ತಿತ್ತು. ಎದ್ದು ಹೋಗಿ ಟೇಪು ನಿಲ್ಲಿಸಿದಳು.

“ಕಣ್ಣು ತೆರೀರಿ ಎಲ್ಲಾರೂ. ಇಂವ ನಮ್ಮಣ್ಣ.”