ಸೀತಾಬಾಯಿಯ ಕಿವಿ

ಮೂರನೆಯ ಸಲ ಟ್ರಾನ್ಸ್‌ಫಾರ್ಮರ್ ಕೂಡಿಸಿ ಮಜೀದಸಾಬರು ಸಿಡಿ ಪ್ಲೇಯರಿನ ಮುಚ್ಚಳಕ್ಕೆ ಕೊನೆಯ ಸ್ಕ್ರೂ ಬಿಗಿದರು. ಹಾಡು ಶುರುವಾಯಿತು. ಅವರಾಗಲಿ, ಮನೆಯ ಯಜಮಾನರಾದ ವಾಸುದೇವ ಮಾಸ್ತರರಾಗಲಿ ಸ್ಪೀಕರಿನ ಕಡೆ ನೋಡಲಿಲ್ಲ. ಇಬ್ಬರ ಕಣ್ಣೂ ಸೀತಾಬಾಯಿಯ ಮುಖದ ಮೇಲಿತ್ತು.

ಸೀತಾಬಾಯಿ ಪ್ಲೇಯರಿನ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತರು.

"ಈಗೇ ಏನಂತ ಹೇಳ್ಲಿರಿ? ಮುಂಜಾನಿ ಹೇಳ್ತೀನಿ," ಎಂದು ಒಳಗೆ ಹೋದರು.

ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡರು. ಹಿಂದಿನ ಎರಡು ಸಲವೂ ಅವರ ಮಾತು ಬಂದದ್ದು ಮುಂಜಾನೆಯೇ.

೧೯೯೯ರ ದೀಪಾವಳಿಗೆ ಮಾಸ್ತರರು ಹೈದರಾಬಾದಿನಿಂದ ಈ ಪ್ಲೇಯರ್ ತಂದಿದ್ದರು. ಶಹಾಬಾದಿನ ಹೈಸ್ಕೂಲಿನಲ್ಲಿ ಅವರು ಕಲಿಸುತ್ತಿದ್ದುದು ಗಣಿತ, ಹುಚ್ಚು ಸಂಗೀತದ್ದು. ತಾಲೂಕಿನ ಗಾಯನ ಸ್ಪರ್ಧೆಗೆ ಹನ್ನೆರಡು ವರ್ಷಗಳಿಂದ ಅವರೇ ನಿರ್ಣಾಯಕರು. ಸೆಟ್ಟು ಸದಾ ಚಾಲೂ ಇದ್ದರೆ ದನಿ ಪಳಗುತ್ತದೆ ಎಂದು ನಂಬಿ ಹಗಲು ರಾತ್ರಿ ಪ್ಲಗ್ ತೆಗೆಯುತ್ತಿರಲಿಲ್ಲ. ಆದರೂ ತಂಬೂರಿಯ ಹಿಂದೆ ಸಣ್ಣದೊಂದು ಗುಂಯ್ ಸದ್ದು ಉಳಿದೇ ಇತ್ತು. ಒಳಗಿನ ಟ್ರಾನ್ಸ್‌ಫಾರ್ಮರ್ ಬಡಕಲು, ದೊಡ್ಡದು ಹಾಕಿದರೆ ದನಿ ತಿಳಿಯಾಗುತ್ತದೆ ಎಂದು ಯಾವುದೋ ಪತ್ರಿಕೆಯಲ್ಲಿ ಓದಿದವರೇ ಹತ್ತಿರದ ವಾಡಿ ಊರಿಗೆ ಹೋಗಿ ಮಜೀದಸಾಬರನ್ನು ಕರೆತಂದರು.

ಕಲ್ಲಿಗೆ ಪಾಲಿಶ್ ಮಾಡುವ ಯಂತ್ರಗಳ ಮೋಟಾರು ಸುಟ್ಟರೆ ಸುತ್ತಲಿನವರೆಲ್ಲ ಓಡುತ್ತಿದ್ದುದು ಮಜೀದಸಾಬರ ಬಳಿಗೇ. ಮೂವತ್ತು ವರ್ಷದಲ್ಲಿ ಅವರು ತಂತಿ ಸುತ್ತಿ ಕೊಟ್ಟದ್ದು ಒಂದೂ ತಿರುಗಿ ಬಂದಿರಲಿಲ್ಲ. ಅವರು ದುಪ್ಪಟ್ಟು ತೂಕದ ಟ್ರಾನ್ಸ್‌ಫಾರ್ಮರ್ ಮಾಡಿ ಕೂಡಿಸಿದರು. ಗುಂಯ್ ಸದ್ದು ಪೂರಾ ನಿಂತಿತು. ಮಾಸ್ತರರ ಕಣ್ಣು ತುಂಬಿ ಬಂದವು.

ಮರುದಿನ ಚಹಾ ಕೊಡುತ್ತ ಸೀತಾಬಾಯಿ ಮೆಲ್ಲಗೆ ಅಂದರು: "ಮೊದಲಿನ ಕಾವು ಹೋಗ್ಯದರಿ."

ಮಾಸ್ತರರ ಕೈಯಲ್ಲಿದ್ದ ಕಪ್ಪು ಬಾಯಿಗೆ ಹೋಗಲಿಲ್ಲ. ನಾದದ ಕಾವು! ಶ್ರುತಿ ನೋಡಿದ್ದರು, ಲಯ ನೋಡಿದ್ದರು. ಕಾವಿಗೆ ಅಂಕ ಕೊಡುವುದು ಅವರಿಗೆ ಎಂದೂ ಹೊಳೆದಿರಲಿಲ್ಲ. ಇಪ್ಪತ್ತಾರು ವರ್ಷ ಸಂಸಾರ ಮಾಡಿ ಈ ಹೆಂಗಸನ್ನು ಒಂದು ದಿನವೂ ಹಾಡಿನ ಬಗ್ಗೆ ಕೇಳಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಈಗ ಕೇಳಿದರೆ, ನನಗೆ ಹಾಡಿನದೇನು ತಿಳಿಯುತ್ತದೆ ಎಂದು ಸೀತಾಬಾಯಿ ಒಲೆಯ ಕಡೆ ತಿರುಗಿದರು. ನಿಜವಾಗಿ ಬಲ್ಲವರು ಹೀಗೇ ಹೇಳುವುದು ಎಂದು ಮಾಸ್ತರರಿಗೆ ಖಾತ್ರಿಯಾಯಿತು.

ಮಜೀದಸಾಬರು ಎರಡನೆಯ ಸಲ ಬಂದರು. ಡಿಸ್ಕ್ ತಿರುಗಿಸುವ ಮೋಟಾರಿಗೇ ಒಂದು, ದನಿಗೇ ಒಂದು, ಹೀಗೆ ಎರಡು ಟ್ರಾನ್ಸ್‌ಫಾರ್ಮರ್ ಹಾಕಿದರು. ಇಂಥ ಕೆಲಸ ಬೇರೆ ಯಾರೂ ಮಾಡಲಾರರೆಂದು ಅವರಿಗೂ ಗೊತ್ತಿತ್ತು. ಮುಂಜಾನೆಯ ತೀರ್ಪು: "ಇದಂತೂ ಭಾಳ ತಣ್ಣಗ ಅದ."

ಮೂರನೆಯ ಸಲದ್ದು ಏಳು ಕಿಲೋ ತೂಗಿತು. ಒಳಗೆ ಹಿಡಿಸದೆ ಪ್ಲೇಯರಿಗೆ ಕೆಳಗೊಂದು ಅಂತಸ್ತು ಕಟ್ಟಬೇಕಾಯಿತು. ಮೇಜು ಬಾಗಿದ್ದರಿಂದ ಅದರ ಬದಲು ಶಹಾಬಾದಿ ಕಲ್ಲಿನ ಕಟ್ಟೆಯೇ ಬಂತು. ಆ ಮೂರನೆಯದಕ್ಕೂ ಮುಂಜಾನೆ ಸೀತಾಬಾಯಿ ತಲೆ ಅಲ್ಲಾಡಿಸಿದರು. ಇದರಲ್ಲಿ ಜೀವವೇ ಇಲ್ಲ ಅಂದರು.

ಅಂದೇ ಮಾಸ್ತರರು ಸ್ಪರ್ಧೆಯ ಸಮಿತಿಗೆ ಪತ್ರ ಬರೆದರು. ತನ್ನ ಕಿವಿ ನಿರ್ಣಯಕ್ಕೆ ಯೋಗ್ಯವಲ್ಲ, ಇನ್ನು ಮುಂದೆ ತನ್ನ ಪತ್ನಿಯನ್ನು ಕರೆಯುವುದು ನ್ಯಾಯ ಎಂದು ಸಹಿ ಹಾಕಿದರು. ಅತ್ತ ವಾಡಿಯಲ್ಲಿ ಮಜೀದಸಾಬರ ಅಂಗಡಿಯ ಮುಂದೆ ಸುಟ್ಟ ಮೋಟಾರುಗಳು ಸಾಲುಗಟ್ಟಿದವು. ಅವರು ಯಾವುದನ್ನೂ ಮುಟ್ಟಲಿಲ್ಲ. ಊಟಕ್ಕೆ ಕರೆದ ಹೆಂಡತಿ ಶಹರಬಾನುವಿಗೆ, ತಂತಿ ಸುತ್ತುವ ಮಷಿನ್ ಮಾರಿಬಿಡುತ್ತೇನೆ ಅಂದರು. ಮಾಸ್ತರರು ಸಮಾಧಾನ ಹೇಳಲು ಹೋದಾಗ ತಲೆ ಎತ್ತಲಿಲ್ಲ.

"ನನ್ನ ಕೈಯಾಗಿನ ಇಲ್ಮು ಹೋಯ್ತು ಮಾಸ್ತರ. ವೈನಿಯವರಿಗೆ ಏನ್ ಕೇಳಿಸಾಕತ್ತದೋ, ಅದು ನನಗ ಕೇಳಿಸಾಕತ್ತಿಲ್ಲ."

ಮಾರುವ ಮುಂಚೆ ಒಂದೇ ಒಂದು ಸಲ ಎಂದು ಮಾಸ್ತರರು ಅಂಗಲಾಚಿದರು. ಮಜೀದಸಾಬರು ಒಪ್ಪಿದರು. ಆದರೆ ಸಿಟ್ಟಿಗೋ, ಸೋತು ಸುಣ್ಣವಾಗಿದ್ದಕ್ಕೋ, ಗುಜರಿಯ ತುಕ್ಕು ತಗಡು, ಕೂದಲೆಳೆಯಂಥ ತಂತಿ ತೆಗೆದುಕೊಂಡು ಮನಸ್ಸಿಗೆ ಬಂದಂತೆ ಸುತ್ತಿ, ತನ್ನ ಜೀವಮಾನದ ಅತ್ಯಂತ ಕೆಟ್ಟ ಟ್ರಾನ್ಸ್‌ಫಾರ್ಮರ್ ಮಾಡಿದರು. ಕೂಡಿಸಿದ ಕೂಡಲೇ ಅದು ಜೇನುಗೂಡಿನ ಹಾಗೆ ಮೊರೆಯಿತು. ಹಾಡು ಎಲ್ಲಿದೆ ಎಂದು ಹುಡುಕಬೇಕಾಯಿತು.

ಸೀತಾಬಾಯಿ ಅರ್ಧ ತಾಸು ಬಿಟ್ಟು ಬಂದು ಅಂಗೈ ಊರಿದರು. ಥಟ್ಟನೆ ಹಿಂದೆಗೆದರು. ಮುಖದಲ್ಲಿ ಮೊದಲ ಸಲ ನಗೆ ಕಾಣಿಸಿತು.

"ಈಗ ಬರೋಬರಿ ಆಯ್ತು ಅನಸ್ತದರಿ. ಆದರೂ ಮುಂಜಾನಿ ತನಕ ತಡೀರಿ," ಅಂದರು.

ಮಜೀದಸಾಬರಿಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂಬುದೇ ತಿಳಿಯದೆ ಮೂವತ್ತು ವರ್ಷ ಕಳೆದೆನೇ? ವಾಡಿಯಿಂದ ಹೊರಡುವ ಮೊದಲ ಗಾಡಿ ಹತ್ತಿದರು. ಡಿಸೆಂಬರಿನ ಚಳಿಯಲ್ಲಿ ಮಾಸ್ತರರು ಶಾಲು ಹೊದ್ದು ಬಾಗಿಲಲ್ಲೇ ಕಾಯುತ್ತಿದ್ದರು. ಅವರ ಕಣ್ಣೂ ಕೆಂಪಗಿದ್ದವು. ತೀರ್ಪು ಏನೇ ಬರಲಿ, ವೈನಿಯವರ ಕಾಲು ಮುಟ್ಟುತ್ತೇನೆ ಎಂದು ಮಜೀದಸಾಬರು ಅಂದರು. ನಾನೂ ಅದನ್ನೇ ಯೋಚಿಸುತ್ತಿದ್ದೆ ಎಂದು ಮಾಸ್ತರರು ಅಂದರು. ಇಬ್ಬರೂ ಸದ್ದು ಮಾಡದೆ ಪಡಸಾಲೆಗೆ ಕಾಲಿಟ್ಟರು.

ಸೀತಾಬಾಯಿ ಪ್ಲೇಯರಿನ ಮೇಲಿದ್ದ ಟವೆಲಿನ ಗಂಟು ಬಿಚ್ಚಿ, ಒಳಗಿನ ಸ್ಟೀಲ್ ಪಾತ್ರೆಯನ್ನು ಅವರತ್ತ ಓರೆ ಮಾಡಿ ಹಿಡಿದರು: "ಇಂಥ ಚಳಿಗಾಲದಾಗ ಇಷ್ಟು ಗಟ್ಟಿ ಮೊಸರು ನಮ್ಮ ಮನ್ಯಾಗ ಎಂದೂ ಹೆಪ್ಪಾಗಿದ್ದಿಲ್ಲ, ಮಜೀದಣ್ಣ."